ಅರಣ್ಯೋದ್ಯಮಿ ಎಚ್. ಆರ್. ಮ್ಯಾಕ್‌ಮಿಲನ್

ಕಾಡನ್ನು ಕಾಯುವ ವಿದ್ಯೆಯೂ ಕಾಡನ್ನು ಕಡಿದು ಮಾರುವ ವ್ಯಾಪಾರವೂ ಒಬ್ಬನೇ ವ್ಯಕ್ತಿಯಲ್ಲಿ ಕೂಡಿಬರುವುದು ಅಪೂರ್ವ. ಕೆನಡಾ ದೇಶದ ಪಶ್ಚಿಮ ತೀರದಲ್ಲಿರುವ ಬ್ರಿಟಿಷ್ ಕೊಲಂಬಿಯಾ ಪ್ರಾಂತದಲ್ಲಿ ಅಂತಹ ಒಬ್ಬ ಮಹನೀಯರು ಬಾಳಿದರು. ಅವರ ಹೆಸರು ಹಾರ್ವೆ ರೆಜಿನಾಲ್ಡ್ ಮ್ಯಾಕ್‌ಮಿಲನ್. ಬಡತನದಲ್ಲಿ ಹುಟ್ಟಿ, ರೋಗದೊಡನೆ ಹೋರಾಡಿ, ಕೊನೆಗೆ ಒಂದು ಪ್ರಾಂತದ ಅರಣ್ಯ ಸಂಪತ್ತಿನ ಬಹುಭಾಗವನ್ನು ಕೈಯಲ್ಲಿ ಹಿಡಿದ ಇವರ ಜೀವನ ವಿಚಾರಯೋಗ್ಯವಾದುದು.

ಮ್ಯಾಕ್‌ಮಿಲನ್ನರು 1885ರ ಸೆಪ್ಟೆಂಬರಿನಲ್ಲಿ ಒಂಟೇರಿಯೋ ಪ್ರಾಂತದ ನ್ಯೂಮಾರ್ಕೆಟ್ ಎಂಬಲ್ಲಿ ಜನಿಸಿದರು. ಎಳವೆಯಲ್ಲಿಯೇ ತಂದೆ ತೀರಿಕೊಂಡರು. ತಾಯಿ ಪರರ ಮನೆಗಳಲ್ಲಿ ಗೃಹಕೃತ್ಯದ ಕೆಲಸಕ್ಕೆ ನಿಂತು ಜೀವನ ಸಾಗಿಸಬೇಕಾಯಿತು. ಮಗು ಅಜ್ಜ ಅಜ್ಜಿಯರ ಆಶ್ರಯದಲ್ಲಿ ಬೆಳೆಯಿತು. ಗ್ವೆಲ್ಫ್ ನಗರದ ಕೃಷಿ ಕಾಲೇಜಿನಲ್ಲಿ 1906ರಲ್ಲಿ ಪದವಿ ಪಡೆದ ತರುಣನಿಗೆ ಅರಣ್ಯಶಾಸ್ತ್ರದ ಕಡೆ ಒಲವುಂಟಾಯಿತು. ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯಕ್ಕೆ ಹೋಗಿ 1908ರಲ್ಲಿ ಆ ಶಾಸ್ತ್ರದಲ್ಲಿ ಉನ್ನತ ಪದವಿಯನ್ನು ಗಳಿಸಿ, ಸರ್ಕಾರದ ಅರಣ್ಯ ಶಾಖೆಯನ್ನು ಸೇರಿದರು.

ಬಾಳು ದಡ ಸೇರಿತು ಎನ್ನುವಷ್ಟರಲ್ಲಿ ಕ್ಷಯರೋಗ ಬಂದೆರಗಿತು. ಆ ಕಾಲದಲ್ಲಿ ಕ್ಷಯವೆಂದರೆ ಮೃತ್ಯುವಿನ ಕರೆಯೆಂದೇ ಜನರ ಭಾವನೆ. ಎರಡು ವರ್ಷಗಳಿಗೂ ಮಿಕ್ಕಿ ಅವರು ಆರೋಗ್ಯಧಾಮದ ಹಾಸಿಗೆಯನ್ನು ಹಿಡಿಯಬೇಕಾಯಿತು. ಗುಣ ಹೊಂದಿ ಹೊರಬಂದು, 1911ರಲ್ಲಿ ತಮಗಾಗಿ ಕಾದಿದ್ದ ಎಡ್ನಾ ಮಲ್ಲಾಯ್ ಅವರನ್ನು ವಿವಾಹವಾದರು.

ಮರುವರ್ಷ ಬ್ರಿಟಿಷ್ ಕೊಲಂಬಿಯಾ ಹೊಸ ಅರಣ್ಯ ಶಾಸನವೊಂದನ್ನು ಜಾರಿಗೆ ತಂದಿತು. ಆ ಪ್ರಾಂತದ ಪ್ರಥಮ ಮುಖ್ಯ ಅರಣ್ಯಾಧಿಕಾರಿಯಾಗಿ ನೇಮಕಗೊಂಡವರು, ಇನ್ನೂ ಮೂವತ್ತು ತುಂಬದ ಮ್ಯಾಕ್‌ಮಿಲನ್ನರು. ಅಪಾರವಾದ ಕಾಡಿನಲ್ಲಿ ಬೆಂಕಿಯ ಕಾವಲು, ಮರಗಳ ಅಂದಾಜು, ಸರ್ಕಾರಕ್ಕೆ ಸಲ್ಲಬೇಕಾದ ರಾಜಧನದ ವಸೂಲಿ, ಎಲ್ಲವನ್ನೂ ಹೊಸದಾಗಿ ಕಟ್ಟಬೇಕಾಗಿತ್ತು. 1915ರಲ್ಲಿ, ಮಹಾಯುದ್ಧದ ನಡುವೆ, ಪ್ರಾಂತದ ಮರಮುಟ್ಟಿಗೆ ಮಾರುಕಟ್ಟೆ ಹುಡುಕಲು ಸರ್ಕಾರ ಅವರನ್ನು ವ್ಯಾಪಾರ ಪ್ರತಿನಿಧಿಯಾಗಿ ಲೋಕಸಂಚಾರಕ್ಕೆ ಕಳುಹಿಸಿತು. ಇಂಗ್ಲೆಂಡ್, ದಕ್ಷಿಣ ಆಫ್ರಿಕ, ಭಾರತ, ಆಸ್ಟ್ರೇಲಿಯಗಳನ್ನು ಸುತ್ತಿದ ಅವರಿಗೆ ಒಂದು ಸತ್ಯ ಮನವರಿಕೆಯಾಯಿತು. ಮರ ತಮ್ಮ ನಾಡಿನದು. ಅದನ್ನು ಹೊರದೇಶಗಳಿಗೆ ಮಾರಿ ಲಾಭ ಪಡೆಯುತ್ತಿದ್ದವರು ಪರರು.

ಹಿಂದಿರುಗಿದ ಮೇಲೆ ಸರ್ಕಾರಿ ಕೆಲಸವನ್ನು ಬಿಟ್ಟು, ಷೆಮೇನಸ್ ಎಂಬಲ್ಲಿನ ಗರಗಸದ ಕಾರ್ಖಾನೆಯೊಂದನ್ನು ಸೇರಿದರು. ಅಲ್ಲಿನ ಮುಖ್ಯಸ್ಥರೊಡನೆ ಹೊಂದಿಕೆಯಾಗದೆ ಹೊರಬಂದರು. 1940ರ ದಶಕದಲ್ಲಿ ಅದೇ ಕಾರ್ಖಾನೆ ಅವರ ಸಂಸ್ಥೆಯ ಕೈಸೇರಿದ್ದು ವಿಧಿಯ ವಿನೋದ! 1919ರಲ್ಲಿ ಲಂಡನ್ನಿನ ಮರದ ವ್ಯಾಪಾರಿ ಮಾಂಟೇಗ್ ಮೇಯರರ ನೆರವಿನಿಂದ ತಮ್ಮದೇ ರಫ್ತು ಸಂಸ್ಥೆಯನ್ನು ಸ್ಥಾಪಿಸಿದರು. ಅರಣ್ಯ ಇಲಾಖೆಯ ಹಳೆಯ ಸಹೋದ್ಯೋಗಿ ವ್ಯಾನ್‌ಡ್ಯೂಸೆನ್ ಅವರಿಗೆ ಬಲಗೈಯಾದರು. 1924ರಲ್ಲಿ ಹಡಗು ಸಾಗಣೆಯ ಸಂಸ್ಥೆಯೂ ಹುಟ್ಟಿತು. 1935ರ ಸುಮಾರಿಗೆ ಕಾರ್ಖಾನೆಗಳ ಒಡೆಯರು ಒಂದಾಗಿ ತಾವೇ ಮಾರಲು ನಿಶ್ಚಯಿಸಿ ಇವರಿಗೆ ಮರ ಕೊಡುವುದನ್ನು ನಿಲ್ಲಿಸಿದಾಗ, ಮ್ಯಾಕ್‌ಮಿಲನ್ನರು ಕೈಕಟ್ಟಿ ಕೂಡಲಿಲ್ಲ; ತಾವೇ ಕಾರ್ಖಾನೆಗಳನ್ನೂ ಕಾಡುಗಳನ್ನೂ ಕೊಳ್ಳತೊಡಗಿದರು. ಮಧ್ಯವರ್ತಿಯಾಗಿದ್ದವರು ಹೀಗೆ ಒಡೆಯರಾದರು. ಎರಡನೆಯ ಮಹಾಯುದ್ಧದಲ್ಲಿ ದೇಶದ ಮರಮುಟ್ಟಿನ ನಿಯಂತ್ರಣಾಧಿಕಾರಿಯಾಗಿ, ಬಳಿಕ ಸರಕು ಹಡಗುಗಳ ನಿರ್ಮಾಣದ ಮುಖ್ಯಸ್ಥರಾಗಿ ಸೇವೆ ಸಲ್ಲಿಸಿದರು. 1951ರಲ್ಲಿ ಮತ್ತೊಂದು ದೊಡ್ಡ ಸಂಸ್ಥೆಯೊಡನೆ ಸೇರಿ ಅವರ ಉದ್ಯಮವು ಮ್ಯಾಕ್‌ಮಿಲನ್ ಬ್ಲೋಡೆಲ್ ಎಂಬ ಹೆಸರಿಗೆ ಮೂಲವಾಯಿತು.

ಇಷ್ಟು ಸಂಪತ್ತು ಗಳಿಸಿದ ಮೇಲೂ ಅವರಲ್ಲಿದ್ದ ಅರಣ್ಯಾಧಿಕಾರಿ ಸಾಯಲಿಲ್ಲ. 1955ರಲ್ಲಿ ನ್ಯಾಯಮೂರ್ತಿ ಸ್ಲೋನರ ವಿಚಾರಣಾ ಆಯೋಗದ ಮುಂದೆ ನಿಂತು, ಸಾರ್ವಜನಿಕರ ಕಾಡುಗಳನ್ನು ದೀರ್ಘಾವಧಿ ಪರವಾನಗಿಗಳ ಮೂಲಕ ಕೆಲವೇ ದೊಡ್ಡ ಸಂಸ್ಥೆಗಳಿಗೆ ಒಪ್ಪಿಸುವುದನ್ನು ವಿರೋಧಿಸಿದರು. ಸಣ್ಣ ವ್ಯಾಪಾರಿ ಅಳಿದರೆ ನಾಡಿಗೇ ನಷ್ಟವೆಂಬುದು ಅವರ ವಾದ. ಆದರೆ ಅಂತಹ ಸಂಸ್ಥೆಗಳ ಅಗ್ರಪಂಕ್ತಿಯಲ್ಲಿ ಅವರದೇ ಸಂಸ್ಥೆಯೂ ಇದ್ದಿತು. ಅಂತಹ ಪರವಾನಗಿ ಅದಕ್ಕೂ ದೊರೆತಿತ್ತು. ಇದನ್ನು ಕೆಲವರು ಧೈರ್ಯವೆಂದರೆ ಕೆಲವರು ಅಸಂಗತವೆನ್ನಬಹುದು. ತನ್ನ ಲಾಭಕ್ಕೆ ವಿರುದ್ಧವಾದ ಮಾತನ್ನು ಬಹಿರಂಗವಾಗಿ ಆಡುವ ಧನಿಕರು ಮಾತ್ರ ವಿರಳ.

ದಾನದಲ್ಲಿಯೂ ಅವರ ಕೈ ದೊಡ್ಡದು. ವ್ಯಾಂಕೂವರ್ ದ್ವೀಪದಲ್ಲಿ ನೂರಾರು ವರ್ಷ ವಯಸ್ಸಿನ ಡಗ್ಲಸ್ ಫರ್ ಮರಗಳ ತೋಪೊಂದನ್ನು ಉಳಿಸಬೇಕೆಂದು ಜನರು ಬಹುಕಾಲದಿಂದ ಬೇಡುತ್ತಿದ್ದರು. 1944ರಲ್ಲಿ ಮ್ಯಾಕ್‌ಮಿಲನ್ನರು ಸುಮಾರು 136 ಹೆಕ್ಟೇರುಗಳ ಆ ಭೂಮಿಯನ್ನು ಸಾರ್ವಜನಿಕರಿಗೆ ಬಿಟ್ಟುಕೊಟ್ಟರು. 1965ರಲ್ಲಿ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಗ್ರಂಥಗಳಿಗಾಗಿ 30 ಲಕ್ಷ ಡಾಲರುಗಳನ್ನೂ, ವಿದ್ಯಾರ್ಥಿ ವೇತನಗಳಿಗಾಗಿ ಅದಕ್ಕಿಂತ ಹೆಚ್ಚಿನ ನಿಧಿಯನ್ನೂ ನೀಡಿದರು. 1968ರಲ್ಲಿ ವ್ಯಾಂಕೂವರ್ ನಗರದಲ್ಲಿ ತೆರೆದ ತಾರಾಲಯವೂ ಅವರ ಕೊಡುಗೆಯೇ. 1976ರ ಫೆಬ್ರವರಿಯಲ್ಲಿ, ತೊಂಬತ್ತು ವರ್ಷಗಳ ತುಂಬುಜೀವನವನ್ನು ಮುಗಿಸಿ ಅವರು ನಿಧನರಾದರು.

ಅವರ ನಂತರದ ಕಥೆಯನ್ನೂ ಮರೆಯಲಾಗದು. 1993ರಲ್ಲಿ ಕ್ಲೇಯಕ್ವಟ್ ಸೌಂಡ್ ಎಂಬ ಪ್ರದೇಶದಲ್ಲಿ ಮ್ಯಾಕ್‌ಮಿಲನ್ ಬ್ಲೋಡೆಲ್ ಸಂಸ್ಥೆಯ ಮರಗಡಿತವನ್ನು ತಡೆಯಲು ಜನರು ರಸ್ತೆಯಲ್ಲಿ ಕುಳಿತರು. 800ಕ್ಕೂ ಹೆಚ್ಚು ಮಂದಿ ಬಂಧಿತರಾದರು. ಆ ನೆಲ ತಲೆತಲಾಂತರದಿಂದ ನೂಚಾನುಲ್ತ್ ಎಂಬ ಮೂಲನಿವಾಸಿಗಳದು. 1999ರಲ್ಲಿ ಸಂಸ್ಥೆಯು ಅಮೆರಿಕದ ವೇಯರ್‌ಹೌಸರ್ ಕಂಪನಿಗೆ ಮಾರಾಟವಾಯಿತು. ನಾಡಿನ ಮರದ ಲಾಭ ನಾಡಿಗೇ ಉಳಿಯಬೇಕೆಂದು ಕಟ್ಟಿದ ಸಂಸ್ಥೆಗೆ ಬಂದ ಗತಿಯಿದು.

ಮ್ಯಾಕ್‌ಮಿಲನ್ನರನ್ನು ಬರಿದೆ ಹೊಗಳುವುದೂ ಬರಿದೆ ತೆಗಳುವುದೂ ಸುಲಭ. ಅವರು ಕಟ್ಟಿದ ಕಂಪನಿಯ ಹೆಸರು ಇಂದು ಇಲ್ಲ. ಅವರು ಬಿಟ್ಟುಕೊಟ್ಟ ತೋಪಿನಲ್ಲಿ ಮುದಿಮರಗಳು ಇಂದಿಗೂ ನಿಂತಿವೆ. ಅವರು ಕೊಟ್ಟ ಹಣದಿಂದ ಕೊಂಡ ಪುಸ್ತಕಗಳನ್ನು ಓದಿ ಎಷ್ಟೋ ವಿದ್ಯಾರ್ಥಿಗಳು ಮುಂದೆ ಬಂದಿದ್ದಾರೆ. ಗಳಿಸಿದ್ದರಲ್ಲಿ ಉಳಿಯುವುದು ಯಾವುದೆಂಬುದನ್ನು ವಿದ್ಯಾರ್ಥಿಗಳಾದ ನಾವು ಈ ಜೀವನದಿಂದ ಅರಿಯಬಹುದಾಗಿದೆ.