ತುಟಿ ನೋಡಿ ಮಾತಾಡಿದ ನಟ: ಟಿ.ಎನ್. ಬಾಲಕೃಷ್ಣ

ಬೋಧನಾಭ್ಯಾಸಕ್ಕಾಗಿ ನಾನು ಅಣ್ಣಿಗೇರಿ ತಾಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಗೆ ಹೋಗಿದ್ದೆ. ಎಂಟನೆಯ ತರಗತಿಯಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ ಯಾವ ಪ್ರಶ್ನೆಗೂ ಉತ್ತರ ಕೊಡುತ್ತಿರಲಿಲ್ಲ. ಮೊದಲ ವಾರದ ದಾಖಲೆಯಲ್ಲಿ ಅವನನ್ನು ಕಲಿಕೆಯಲ್ಲಿ ಹಿಂದುಳಿದವನೆಂದು ಬರೆದುಬಿಟ್ಟೆ. ನಾನು ಬೋರ್ಡಿನ ಕಡೆ ತಿರುಗಿ ಹೇಳಿದ್ದು ಮಾತ್ರ ಅವನಿಗೆ ತಿಳಿಯುವುದಿಲ್ಲ, ಎದುರು ನಿಂತು ಹೇಳಿದರೆ ತಿಳಿಯುತ್ತದೆ ಎಂಬುದು ಎರಡನೆಯ ವಾರ ಗಮನಕ್ಕೆ ಬಂತು. ಅವನಿಗೆ ಕಿವಿ ಮಂದವಾಗಿತ್ತು. ಮುಂದಿನ ಪಾಠ ವ್ಯಕ್ತಿಪರಿಚಯ. ಅದಕ್ಕೆ ನಾನು ಹಾಸ್ಯನಟ ಬಾಲಕೃಷ್ಣ ಅವರನ್ನು ಆರಿಸಿಕೊಂಡೆ.

ಬಾಲಕೃಷ್ಣ ಹುಟ್ಟಿದ್ದು 1911ರಲ್ಲಿ, ಹಾಸನ ಜಿಲ್ಲೆಯ ಅರಸೀಕೆರೆಯಲ್ಲಿ. ಬಡತನದ ಬಾಲ್ಯ. ನಾಟಕ ಕಂಪನಿಗಳಲ್ಲಿ ಪಳಗಿ, 1943ರ ‘ರಾಧಾರಮಣ’ದ ಮೂಲಕ ಸಿನಿಮಾಕ್ಕೆ ಬಂದರು. ಆಮೇಲೆ ಐವತ್ತು ವರ್ಷಗಳ ಕಾಲ, ಐನೂರಕ್ಕೂ ಹೆಚ್ಚು ಚಿತ್ರಗಳು. ನಾಯಕನ ಪಾತ್ರ ಅವರ ಪಾಲಿನದಲ್ಲ. ಜಿಪುಣ, ಕುತಂತ್ರಿ, ಪೇಚಿಗೆ ಸಿಕ್ಕ ಮನೆಯ ಯಜಮಾನ, ಇಂಥವರೇ ಹೆಚ್ಚು. ಕೇಡು ಬಗೆಯುವವನನ್ನೂ ಜನ ನಕ್ಕು ನೋಡುವಂತೆ ಮಾಡುತ್ತಿದ್ದರು. ನರಸಿಂಹರಾಜು ಜತೆಗೆ ಅವರು ತೆರೆಗೆ ಬಂದರೆ ಟಾಕೀಸಿನಲ್ಲಿ ನಗೆ ಏಳುತ್ತಿತ್ತು. ‘ಬಂಗಾರದ ಮನುಷ್ಯ’ದ (1972) ರಾಚೂಟಪ್ಪನನ್ನು ನಮ್ಮ ಕಡೆಯ ಒಕ್ಕಲುತನದ ಮನೆಗಳ ಹಿರಿಯರು ಇಂದಿಗೂ ನೆನೆಯುತ್ತಾರೆ.

ತಮ್ಮ ಹೊಟ್ಟೆಪಾಡಷ್ಟನ್ನೇ ಅವರು ನೋಡಿಕೊಳ್ಳಲಿಲ್ಲ. ಕಲಾವಿದರು ಕೆಲಸವಿಲ್ಲದೆ ಕಷ್ಟದಲ್ಲಿದ್ದಾಗ ರಾಜಕುಮಾರ್, ನರಸಿಂಹರಾಜು, ಜಿ.ವಿ. ಅಯ್ಯರ್ ಅವರೊಂದಿಗೆ ಸೇರಿ ಸಂಘ ಕಟ್ಟಿದರು. 1960ರ ‘ರಣಧೀರ ಕಂಠೀರವ’ ಆ ಸಂಘದಿಂದ ಬಂದ ಚಿತ್ರ. ಆಗ ಕನ್ನಡ ಚಿತ್ರಗಳ ಕೆಲಸ ಬಹುಪಾಲು ಮದರಾಸಿನಲ್ಲಿ ನಡೆಯುತ್ತಿತ್ತು. ನಮ್ಮ ನೆಲದಲ್ಲೇ ಚಿತ್ರೀಕರಣಕ್ಕೆ ಜಾಗವಿರಲೆಂದು ಬೆಂಗಳೂರಿನ ಹೊರವಲಯದಲ್ಲಿ ಅಭಿಮಾನ್ ಸ್ಟುಡಿಯೋ ಕಟ್ಟಲು ಹೊರಟರು. ದುಡಿದದ್ದನ್ನೆಲ್ಲ ಅದಕ್ಕೆ ಸುರಿದರು, ಸಾಲವನ್ನೂ ಹೊತ್ತರು. 1995ರ ಜುಲೈನಲ್ಲಿ ತೀರಿಕೊಂಡರು.

ಇಷ್ಟನ್ನು ಹೇಳಿ ಮುಗಿಸುವವರೆಗೂ ಒಂದು ವಿಷಯವನ್ನು ಬೇಕೆಂದೇ ತಡೆದಿಟ್ಟಿದ್ದೆ. ಮೊದಲೇ ಹೇಳಿದ್ದರೆ ಮಕ್ಕಳೆಲ್ಲ ಹಿಂದಿನ ಬೆಂಚಿನ ಕಡೆ ತಿರುಗುತ್ತಿದ್ದರು. ಕೊನೆಗೆ ಹೇಳಿದೆ: ಬಾಲಕೃಷ್ಣ ಅವರಿಗೆ ಕಿವಿ ಕೇಳುತ್ತಿರಲಿಲ್ಲ. ಎದುರಿನ ನಟನ ತುಟಿಯ ಚಲನೆ ನೋಡಿ, ಅವನ ಮಾತು ಎಲ್ಲಿ ಮುಗಿಯಿತೆಂದು ಅರಿತು ತಮ್ಮ ಮಾತು ಹೇಳುತ್ತಿದ್ದರು. ಹಾಸ್ಯದಲ್ಲಿ ಒಂದು ಕ್ಷಣ ಹಿಂದುಮುಂದಾದರೂ ನಗೆ ಸತ್ತುಹೋಗುತ್ತದೆ. ಅಂಥ ಕೆಲಸವನ್ನು ಅವರು ಕಣ್ಣಿನಿಂದ ಮಾಡಿದರು.

ತರಗತಿ ಸುಮ್ಮನಾಯಿತು. ಆ ಹುಡುಗ ನನ್ನ ಮುಖವನ್ನೇ ನೋಡುತ್ತಿದ್ದ. ಪಾಠದ ಕೊನೆಯಲ್ಲಿ ಮೌಲ್ಯಮಾಪನದ ಪ್ರಶ್ನೆ ಕೇಳಿದಾಗ, ಸ್ಟುಡಿಯೋದ ಹೆಸರನ್ನು ಹೇಳಿದವನು ಅವನೇ.

ಮರುದಿನ ಇಡೀ ತರಗತಿಯ ಆಸನಗಳನ್ನು ಬದಲಿಸಿ ಅವನನ್ನು ಮುಂದಿನ ಸಾಲಿಗೆ ತಂದೆ. ಕಿವಿ ತಪಾಸಣೆ ಮಾಡಿಸುವಂತೆ ಮನೆಯವರಿಗೆ ಹೇಳಿದೆ. ಬೋರ್ಡಿಗೆ ಬರೆಯುವಾಗ ಮಾತಾಡುವುದನ್ನು ಬಿಟ್ಟೆ. ದಾಖಲೆಯಲ್ಲಿ ಬರೆದದ್ದನ್ನು ಹೊಡೆದುಹಾಕಿ, ತಪ್ಪು ನನ್ನ ವೀಕ್ಷಣೆಯದೆಂದು ಬರೆದೆ. ಮಗುವಿಗೆ ಹೆಸರಿಡುವ ಮೊದಲು ನಾವು ನಿಂತ ಜಾಗವನ್ನು ನೋಡಿಕೊಳ್ಳಬೇಕೆಂಬುದನ್ನು ಆ ಪಾಠ ನನಗೇ ಕಲಿಸಿತು.