ಕೊಡಗಿನವನಾಗಿ ಇಷ್ಟೇನಾ ಎತ್ತರ? ಮಹಾಲನೋಬಿಸ್ ಕಲಿಸಿದ ಲೆಕ್ಕ

ನಮ್ಮೂರು ಕೊಡ್ಲಿಪೇಟೆ. ಕೊಡಗಿನ ಉತ್ತರದ ತುದಿ, ಸ್ವಲ್ಪ ಮುಂದೆ ಹೋದರೆ ಹಾಸನ ಜಿಲ್ಲೆ. ಬೆಂಗಳೂರಲ್ಲಿ ಯಾರಿಗಾದರೂ ಕೊಡಗಿನವನು ಅಂತ ಹೇಳಿದ ತಕ್ಷಣ ಎರಡು ಪ್ರಶ್ನೆ ಗ್ಯಾರಂಟಿ. ಮನೆಯಲ್ಲಿ ಯಾರು ಆರ್ಮಿಯಲ್ಲಿದ್ದಾರೆ ಅನ್ನೋದು ಮೊದಲನೆಯದು. ಎರಡನೆಯದನ್ನು ಬಾಯಿಬಿಟ್ಟು ಕೇಳೋರು ಕಮ್ಮಿ, ಕಣ್ಣಲ್ಲೇ ಕೇಳ್ತಾರೆ: ಮತ್ತೆ ನೀನ್ಯಾಕೆ ಇಷ್ಟು ಗಿಡ್ಡ? ನಾನು ಐದಡಿ ನಾಲ್ಕಿಂಚು. ನಾವು ಕೊಡವರಲ್ಲ, ನಮ್ಮ ಮನೆಮಾತು ಕನ್ನಡ ಅಂತೆಲ್ಲ ಎಷ್ಟು ಜನರಿಗೆ ವಿವರಿಸೋದು? ಹದಿನೆಂಟರಲ್ಲಿ ಸೇನಾ ಭರ್ತಿಯ ಸಾಲಲ್ಲಿ ನಾನೂ ನಿಂತಿದ್ದೆ. ಅಳತೆ ಕೋಲಿನ ಕೆಳಗೆ ಐದು ಸೆಕೆಂಡು, ಆಮೇಲೆ ಗೇಟಿನ ಹೊರಗೆ. ಬಸ್ಸಲ್ಲಿ ವಾಪಸ್ ಬರುವಾಗ ಮೈಮೇಲೆ ಒಂದು ನಂಬರ್ ಅಂಟಿಸಿಕೊಂಡು ಬಂದಂತೆ ಅನಿಸಿತ್ತು.

ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿ 'ಮಹಾಲನೋಬಿಸ್ ಡಿಸ್ಟೆನ್ಸ್' ಎಂಬ ಸೂತ್ರ ಪಾಠಕ್ಕೆ ಬಂತು. ಯಂತ್ರ ಸರಿಯಾಗಿ ನಡೀತಿದೆಯೋ ಕೆಟ್ಟಿದೆಯೋ ಅಂತ ಪತ್ತೆಹಚ್ಚಲು ಬಳಸುವ ಸೂತ್ರ ಅಂದುಕೊಂಡು ಬಾಯಿಪಾಠ ಮಾಡಿದೆ. ಅದು ಹುಟ್ಟಿದ್ದು ಮನುಷ್ಯರ ಎತ್ತರ, ತಲೆ, ಮೂಗು ಅಳೆಯುವ ಕೆಲಸದಿಂದ ಅಂತ ಗೊತ್ತಾಗಿದ್ದು ಪತ್ರಕರ್ತನಾದ ಮೇಲೆ.

ಪ್ರಶಾಂತ ಚಂದ್ರ ಮಹಾಲನೋಬಿಸ್ ಹುಟ್ಟಿದ್ದು 1893ರ ಜೂನ್ 29ರಂದು, ಕಲ್ಕತ್ತಾದಲ್ಲಿ. ಓದಿದ್ದು ಫಿಸಿಕ್ಸ್. 1913ರಲ್ಲಿ ಇಂಗ್ಲೆಂಡಿಗೆ ಹೋದಾಗ ಸೇರಬೇಕೆಂದಿದ್ದು ಲಂಡನ್ ವಿಶ್ವವಿದ್ಯಾಲಯ. ಕೇಂಬ್ರಿಜ್ ನೋಡಿಬರೋಣ ಅಂತ ಹೋದವರು ಕಿಂಗ್ಸ್ ಕಾಲೇಜಿನ ಪ್ರಾರ್ಥನಾ ಮಂದಿರ ನೋಡುತ್ತಾ ನಿಂತು ಕೊನೆಯ ರೈಲು ತಪ್ಪಿಸಿಕೊಂಡರು, ಅಲ್ಲೇ ಸೇರಿಬಿಟ್ಟರು. ಅಲ್ಲಿ ಅವರ ಗೆಳೆಯರಾದವರು ಶ್ರೀನಿವಾಸ ರಾಮಾನುಜನ್. ಚಳಿಗೆ ನಡುಗುತ್ತಿದ್ದ ರಾಮಾನುಜನ್‌ಗೆ ಹಾಸಿಗೆಯ ಕಂಬಳಿಗಳ ಒಳಗೆ ಹೇಗೆ ತೂರಿಕೊಂಡು ಮಲಗಬೇಕು ಅಂತ ತೋರಿಸಿಕೊಟ್ಟಿದ್ದು ಇವರೇ.

1915ರಲ್ಲಿ ಊರಿಗೆ ಹೊರಡುವಾಗ ಯುದ್ಧದ ಕಾರಣ ಹಡಗು ತಡವಾಯಿತು. ಕಾಲೇಜಿನ ಲೈಬ್ರರಿಯಲ್ಲಿ ಕೂತಿದ್ದಾಗ ಟ್ಯೂಟರ್ ಒಬ್ಬರು 'ಬಯೋಮೆಟ್ರಿಕಾ' ಪತ್ರಿಕೆಯ ಸಂಪುಟಗಳನ್ನು ತೋರಿಸಿದರು. ಜೀವಿಗಳ ಅಳತೆಗೆ ಗಣಿತ ಹಚ್ಚುವ, ಕಾರ್ಲ್ ಪಿಯರ್ಸನ್ ನಡೆಸುತ್ತಿದ್ದ ಪತ್ರಿಕೆ. ಮಹಾಲನೋಬಿಸ್ ಪೂರ್ತಿ ಸೆಟ್ಟನ್ನೇ ಕೊಂಡು ಹಡಗಿನಲ್ಲಿ ಓದುತ್ತಾ ಬಂದರು. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಮೇಷ್ಟ್ರಾಗಿ ಪಾಠ ಮಾಡಿದ್ದು ಫಿಸಿಕ್ಸನ್ನೇ. ಆದರೆ ತಲೆಯೊಳಗೆ ಸಂಖ್ಯಾಶಾಸ್ತ್ರ ಸೇರಿಕೊಂಡಿತ್ತು. (ಟಿವಿಯಲ್ಲಿ ಹೆಸರಿಗೆ ಇನ್ನೊಂದು ಅಕ್ಷರ ಸೇರಿಸಿಕೊಳ್ಳಿ ಅಂತಾರಲ್ಲ, ಆ ಸಂಖ್ಯಾಶಾಸ್ತ್ರ ಅಲ್ಲ. ಕನ್ನಡದಲ್ಲಿ ಎರಡಕ್ಕೂ ಒಂದೇ ಹೆಸರು ಬಿದ್ದಿರೋದು ನಮ್ಮ ದುರದೃಷ್ಟ.)

1920ರಲ್ಲಿ ನಾಗಪುರದ ವಿಜ್ಞಾನ ಸಮಾವೇಶದಲ್ಲಿ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ನೆಲ್ಸನ್ ಅನ್ನಾಂಡೇಲ್ ಸಿಕ್ಕರು. ಅವರ ಹತ್ತಿರ ಕಲ್ಕತ್ತಾದ ಆಂಗ್ಲೋ-ಇಂಡಿಯನ್ನರ ಅಳತೆಗಳಿದ್ದವು, ಅರ್ಥ ಬಿಡಿಸೋರು ಬೇಕಿತ್ತು. 1922ರಲ್ಲಿ ಹೊರಬಂತು ಮಹಾಲನೋಬಿಸರ ಮೊದಲ ಸಂಖ್ಯಾಶಾಸ್ತ್ರೀಯ ಪ್ರಬಂಧ. ವಿಷಯ 200 ಗಂಡಸರ ಎತ್ತರ, ಅಷ್ಟೇ.

ಆ ಕಾಲ ಎಂಥದ್ದು ಅಂತ ಇಲ್ಲಿ ಹೇಳಲೇಬೇಕು. ಹರ್ಬರ್ಟ್ ರಿಸ್ಲೆ ಎಂಬ ಅಧಿಕಾರಿ ಬಂಗಾಳದಲ್ಲಿ ಮೂಗಿನ ಅಳತೆಯಿಂದ ಜಾತಿಗಳ ಮೇಲು ಕೀಳು ವಿವರಿಸಲು ಹೊರಟಿದ್ದರು. ನಮ್ಮ ಕೊಡಗನ್ನೂ ಬಿಟ್ಟಿರಲಿಲ್ಲ. ಥಾಮಸ್ ಹಾಲೆಂಡ್ ಎಂಬ ಭೂವಿಜ್ಞಾನಿ, ಕಲ್ಲು ಪರೀಕ್ಷೆ ಮಾಡುವವರು, ಕೊಡವರನ್ನೂ ಯರವರನ್ನೂ ಅಕ್ಕಪಕ್ಕ ಇಟ್ಟು ಅವರ ನಡುವಿನ ವ್ಯತ್ಯಾಸದ ಬಗ್ಗೆ 1901ರಲ್ಲಿ ಬಂಗಾಳದ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದರು. ಒಬ್ಬರು ಎತ್ತರ, ಒಬ್ಬರು ಕುಳ್ಳ ಅನ್ನೋ ಮಾತಿಗೆ ಹೀಗೆ ವಿಜ್ಞಾನದ ಠಸ್ಸೆ ಬೀಳ್ತಿತ್ತು. ಭರ್ತಿಯ ಸಾಲಲ್ಲಿ ನನ್ನ ಮೇಲೂ ಆ ಠಸ್ಸೆಯ ಮಸಿ ಒಂಚೂರು ಹತ್ತಿತ್ತು ಅಂತ ಈಗ ಅನಿಸುತ್ತೆ.

ಸರಾಸರಿ ಒಂದನ್ನೇ ನೋಡಿದರೆ ಏನಾಗುತ್ತೆ ನೋಡಿ. ಲೆಕ್ಕಕ್ಕೆ ಅಂತ ಒಂದು ಗುಂಪಿನ ಗಂಡಸರ ಸರಾಸರಿ ಎತ್ತರ 165 ಸೆಂ.ಮೀ. ಇಟ್ಟುಕೊಳ್ಳಿ. ಎಲ್ಲರೂ 165 ಇರಲ್ಲ, ಎರಡೂ ಕಡೆಗೆ ಚೆದುರಿರ್ತಾರೆ. ಆ ಚೆದುರುವಿಕೆಯ ಅಳತೆಯೇ ಹೈಸ್ಕೂಲಲ್ಲಿ ಓದಿದ ಮಾನಕ ವಿಚಲನೆ. ಅದು 6 ಸೆಂ.ಮೀ. ಇರಲಿ. ಎತ್ತರದ ಗ್ರಾಫ್ ಹೆಚ್ಚುಕಡಿಮೆ ದೇವಸ್ಥಾನದ ಗಂಟೆಯ ಆಕಾರದಲ್ಲಿ ಬರುತ್ತೆ, ಅದಕ್ಕೇ ನಾರ್ಮಲ್ ಡಿಸ್ಟ್ರಿಬ್ಯೂಷನ್ ಅನ್ನೋದು. ನೂರರಲ್ಲಿ ಸುಮಾರು 68 ಜನ 159ರಿಂದ 171ರ ಒಳಗೆ, 95 ಜನ 153ರಿಂದ 177ರ ಒಳಗೆ. ಈಗ ಇನ್ನೊಂದು ಗುಂಪು ತಗೊಳ್ಳಿ: ಸರಾಸರಿ 169, ಚೆದುರುವಿಕೆ ಅಷ್ಟೇ. ನಾಲ್ಕು ಸೆಂಟಿಮೀಟರ್ ಅಂದರೆ ಪಕ್ಕದಲ್ಲಿ ನಿಂತರೆ ಕಣ್ಣಿಗೆ ಬೀಳುವ ವ್ಯತ್ಯಾಸ. ಆದರೂ ಎರಡೂ ಗುಂಪಿನಿಂದ ಒಬ್ಬೊಬ್ಬರನ್ನು ಚೀಟಿ ಎತ್ತಿ ಕರೆದರೆ, 'ಕುಳ್ಳ' ಗುಂಪಿನವನೇ ಎತ್ತರ ಇರುವ ಸಾಧ್ಯತೆ ನೂರಕ್ಕೆ ಸುಮಾರು 32. 'ಎತ್ತರದ' ಗುಂಪಲ್ಲೂ ನೂರರಲ್ಲಿ ಸುಮಾರು 14 ಜನ ನನಗಿಂತ ಗಿಡ್ಡ. ನೋಟ್‌ಬುಕ್ಕಿನಲ್ಲಿ ಈ 14 ಬಂದ ದಿನ ಎದ್ದು ಹೋಗಿ ಟೀ ಕುಡಿದು ಬಂದೆ.

ಮಹಾಲನೋಬಿಸ್ ಹಿಡಿದಿದ್ದು ಇದೇ ಎಳೆಯನ್ನು. ಎರಡು ಗುಂಪುಗಳ ನಡುವಿನ ಅಂತರವನ್ನು ಸೆಂಟಿಮೀಟರಲ್ಲಿ ಹೇಳಿದರೆ ಸಾಲದು, ಒಳಗಿನ ಚೆದುರುವಿಕೆಯಿಂದ ಭಾಗಿಸಬೇಕು. ನಮ್ಮ ಉದಾಹರಣೆಯಲ್ಲಿ ನಾಲ್ಕನ್ನು ಆರರಿಂದ ಭಾಗಿಸಿದರೆ 0.67; ಆಗ ಆ ಅಂತರ ಅಷ್ಟೇನೂ ದೊಡ್ಡದಲ್ಲ ಅಂತ ಗೊತ್ತಾಗುತ್ತೆ. ಇನ್ನೊಂದು ತೊಡಕು: ಎತ್ತರ ಇರುವವರ ಕೈಕಾಲೂ ಸಾಮಾನ್ಯವಾಗಿ ಉದ್ದ. ಎತ್ತರ, ಕೈ, ಕಾಲು ಮೂರನ್ನೂ ಬೇರೆ ಬೇರೆ ಸಾಕ್ಷಿ ಅಂತ ಕೂಡಿಸಿದರೆ ಒಂದೇ ಮಾತನ್ನು ಮೂರು ಸಲ ಎಣಿಸಿದ ಹಾಗೆ.

ಪಿಯರ್ಸನ್ ಜನಾಂಗಗಳ ಹೋಲಿಕೆ ಅಳೆಯಲು ಬಳಸುತ್ತಿದ್ದ ಸೂಚ್ಯಂಕದಲ್ಲಿ ದೋಷಗಳಿವೆ ಅಂತ ಮಹಾಲನೋಬಿಸ್ ಬರೆದರು. 1927ರಲ್ಲಿ ಲಂಡನ್ನಿನ ಅವರ ಲ್ಯಾಬಿನಲ್ಲೇ ಕೆಲವು ತಿಂಗಳು ಕೆಲಸ ಮಾಡಿ ಬಂದವರು ಇವರು. ಪಿಯರ್ಸನ್ ಪ್ರಕಟಿಸಲು ಒಪ್ಪಲಿಲ್ಲ. ಹಡಗಿನಲ್ಲಿ ಯಾವ ಪತ್ರಿಕೆ ಓದುತ್ತಾ ಬದುಕಿನ ದಾರಿ ಬದಲಾಗಿತ್ತೋ ಅದೇ ಪತ್ರಿಕೆಯ ಬಾಗಿಲು ಮುಚ್ಚಿತು. 1930ರಲ್ಲಿ ಆ ಬರಹ ಬಂಗಾಳದ ಏಷ್ಯಾಟಿಕ್ ಸೊಸೈಟಿಯಲ್ಲಿ ಅಚ್ಚಾಯಿತು. 1931ರಲ್ಲಿ ಕಾಲೇಜಿನ ಒಂದು ಕೋಣೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಶುರುವಾಯಿತು, 1933ರಲ್ಲಿ ಅದರದೇ ಪತ್ರಿಕೆ 'ಸಂಖ್ಯಾ'. ಆ ವರ್ಷವೇ ರಿಸ್ಲೆಯ ಅಂಕಿಗಳನ್ನು ಮತ್ತೆ ಪರಿಶೀಲಿಸಿ ತಿದ್ದುಪಡಿ ಪ್ರಕಟಿಸಿದರು. 1936ರಲ್ಲಿ ನಾನು ಬಾಯಿಪಾಠ ಮಾಡಿದ ಆ ಸೂತ್ರದ ಪ್ರಬಂಧ ಬಂತು.

ಹೂವಿನ ಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ.ಆರ್. ರಾವ್ ಈ ಸಂಸ್ಥೆ ಸೇರಿದ್ದು 1941ರಲ್ಲಿ. ಸಂಯುಕ್ತ ಪ್ರಾಂತ್ಯದ, ಅಂದರೆ ಇವತ್ತಿನ ಉತ್ತರ ಪ್ರದೇಶದ ಜನರ ದೇಹದ ಅಳತೆಗಳ ಲೆಕ್ಕ ಅವರ ಪಾಲಿಗೆ ಬಂತು. ಮಹಾಲನೋಬಿಸ್, ಮಾನವಶಾಸ್ತ್ರಜ್ಞ ಡಿ.ಎನ್. ಮಜುಂದಾರ್ ಜೊತೆ ಆ ವರದಿ 1949ರಲ್ಲಿ ಹೊರಬಂತು. ಅಷ್ಟರೊಳಗೆ 1946ರಲ್ಲಿ ರಾವ್ ಕೇಂಬ್ರಿಜ್‌ಗೆ ಹೋಗಿ ಸುಡಾನಿನ ಜೆಬೆಲ್ ಮೋಯಾದ ಹಳೆಯ ಅಸ್ಥಿಪಂಜರಗಳಿಗೂ ಗುರುವಿನ ಸೂತ್ರವನ್ನೇ ಹಚ್ಚಿದ್ದರು.

ಹಾಗಂತ ಮಹಾಲನೋಬಿಸರನ್ನು ಜಾತಿ ವಿರೋಧಿ ಹೀರೋ ಮಾಡಲು ನಾನು ತಯಾರಿಲ್ಲ. ರಿಸ್ಲೆಯ ತಪ್ಪು ತಿದ್ದಿದವರು ರಿಸ್ಲೆಯ ಡಬ್ಬಿಗಳನ್ನು ಬಿಸಾಕಲಿಲ್ಲ. 1949ರ ವರದಿಯಲ್ಲೂ ಜನ ಜಾತಿ, ಬುಡಕಟ್ಟುಗಳ ಲೇಬಲ್ಲಿನಲ್ಲೇ ಇದ್ದಾರೆ. ಡಬ್ಬಿಗಳ ನಡುವಿನ ದೂರ ಸರಿಯಾಗಿ ಅಳೆದರು, ಡಬ್ಬಿ ಯಾಕೆ ಅಂತ ಕೇಳಲಿಲ್ಲ. ಆದರೆ ಆ ಪ್ರಶ್ನೆ ಕೇಳೋರಿಗೆ ಬೇಕಾದ ಸಲಕರಣೆ ಅವರ ಸೂತ್ರದೊಳಗೇ ಇದೆ, ಭಾಗಿಸುವ ಗೆರೆಯ ಕೆಳಗೆ.

ಮುಂದಿನದು ಎಲ್ಲರಿಗೂ ಗೊತ್ತಿರೋದೇ: 1950ರ ರಾಷ್ಟ್ರೀಯ ಮಾದರಿ ಸಮೀಕ್ಷೆ, ಭಾರಿ ಕೈಗಾರಿಕೆಗೆ ಒತ್ತು ಕೊಟ್ಟ ಎರಡನೇ ಪಂಚವಾರ್ಷಿಕ ಯೋಜನೆ, ಅದರ ಬಗ್ಗೆ ಇವತ್ತಿಗೂ ಮುಗಿಯದ ಜಗಳ. 1972ರ ಜೂನ್ 28ರಂದು ತೀರಿಕೊಂಡರು, 79 ತುಂಬಲು ಒಂದೇ ದಿನ ಬಾಕಿ ಇತ್ತು.

ಹೋದ ತಿಂಗಳು ಆಫೀಸಿಗೆ ಹೊಸದಾಗಿ ಸೇರಿದ ಹುಡುಗನೊಬ್ಬ ನನ್ನ ಊರು ಕೇಳಿ, ಮೇಲಿಂದ ಕೆಳಗೆ ನೋಡಿ ನಕ್ಕ. ಪೇಪರ್ ತಗೊಂಡು ಎರಡು ಗಂಟೆ ಬರೆದು, ಒಂದರ ಮೇಲೊಂದು ಬಿದ್ದ ಜಾಗಕ್ಕೆಲ್ಲ ಗೀರು ಎಳೆದು ತೋರಿಸಿದೆ. ಗೀರಿಲ್ಲದ ಜಾಗ ತುಂಬಾ ಕಮ್ಮಿ ಉಳಿದಿತ್ತು. ಅವನು ಬಳ್ಳಾರಿ ಕಡೆಯವನು. ಹಡಗಲಿ ಎಲ್ಲಿ ಬರುತ್ತೆ ಅಂತ ನನಗೇ ಹೇಳಿಕೊಟ್ಟ.