ಡೆಬಿಯನ್‌ನೊಳಗಿನ ಇಯಾನ್

ಲ್ಯಾಬ್‌ನಲ್ಲಿ ಉಬುಂಟು ಸಿಸ್ಟಮ್ ಮುಂದೆ ಕೂತು ‘ಆಪ್ಟ್ ಇನ್‌ಸ್ಟಾಲ್’ ಅಂತ ಟೈಪ್ ಮಾಡದವರು ನಮ್ಮಲ್ಲಿ ಕಡಿಮೆ. ಎಂಟರ್ ಒತ್ತಿದರೆ ಸಾಫ್ಟ್‌ವೇರ್ ಬರುತ್ತೆ, ಅದಕ್ಕೆ ಬೇಕಾದ ಲೈಬ್ರರಿಗಳೂ ಜೊತೆಗೇ ಬರುತ್ತವೆ. ಇದು ಶುರುವಾಗಿದ್ದು ಹೆಚ್ಚುಕಮ್ಮಿ ನಮ್ಮದೇ ವಯಸ್ಸಿನ ಒಬ್ಬ ಸ್ಟೂಡೆಂಟ್‌ನಿಂದ.

ಇಯಾನ್ ಮರ್ಡಾಕ್ ಹುಟ್ಟಿದ್ದು 1973ರ ಏಪ್ರಿಲ್ 28ರಂದು, ಆಗಿನ ಪಶ್ಚಿಮ ಜರ್ಮನಿಯಲ್ಲಿ. ಓದಿದ್ದು ಅಮೆರಿಕದ ಪರ್ಡ್ಯೂ ಯೂನಿವರ್ಸಿಟಿಯಲ್ಲಿ. ಲಿನಕ್ಸ್ ಆಗಿನ್ನೂ ಎರಡು ವರ್ಷದ ಕೂಸು. ಅವರು ಬಳಸುತ್ತಿದ್ದ ಎಸ್‌ಎಲ್‌ಎಸ್ ಎಂಬ ಲಿನಕ್ಸ್ ತುಂಬಾ ಬಗ್ಗು, ರಿಪೇರಿ ಮಾಡೋರೇ ಇಲ್ಲ. ನಾವಾಗಿದ್ರೆ ಬೈದು ಸುಮ್ಮನಾಗುತ್ತಿದ್ದೆವು. ಇಯಾನ್ 1993ರ ಆಗಸ್ಟ್ 16ರಂದು ಹೊಸದೊಂದನ್ನು ಘೋಷಿಸಿದರು. ಗೆಳತಿ ಡೆಬ್ರಾಳ ಹೆಸರಿಗೆ ತಮ್ಮ ಹೆಸರು ಸೇರಿಸಿ ಡೆಬಿಯನ್ ಅಂದರು. ಆಗ ಅವರಿಗೆ ಬರೀ 20 ವರ್ಷ.

ಎಲ್ಲವನ್ನೂ ಒಬ್ಬನೇ ನೋಡಿಕೊಳ್ಳೋಕೆ ಆಗಲ್ಲ ಅನ್ನೋದು ಅವರಿಗೆ ಗೊತ್ತಿತ್ತು. ಅದಕ್ಕೇ ಸಿಸ್ಟಮ್ಮನ್ನು ಪ್ಯಾಕೇಜ್‌ಗಳಾಗಿ ಒಡೆದು, ಒಂದೊಂದರ ಜವಾಬ್ದಾರಿ ಒಬ್ಬೊಬ್ಬರಿಗೆ ಕೊಡುವ ದಾರಿ ಹಿಡಿದರು. ಪ್ಯಾಕೇಜ್ ಒಳಗೆ ಫೈಲ್‌ಗಳ ಜೊತೆ ಅದರ ವರ್ಷನ್ ಯಾವುದು, ಅದಕ್ಕೆ ಇನ್ಯಾವ ಪ್ಯಾಕೇಜ್ ಬೇಕು ಎಂಬ ಮಾಹಿತಿಯೂ ಇರುತ್ತೆ. ಯಾವ ಫೈಲ್ ಯಾವ ಪ್ಯಾಕೇಜಿನದು ಅಂತ ಲೆಕ್ಕ ಇಡೋದು ‘ಡಿಪಿಕೆಜಿ’. ಹಾಗಾಗಿ ತೆಗೆದುಹಾಕೋದೂ ಸುಲಭ. ಅದರ ಮೊದಲ ರೂಪ ಇಯಾನ್ ಬರೆದದ್ದು. ಮುಂದೆ ಇಯಾನ್ ಜಾಕ್ಸನ್ ಎಂಬ ಇನ್ನೊಬ್ಬ ಇಯಾನ್ ಅದನ್ನು ಸಿ ಭಾಷೆಯಲ್ಲಿ ಹೊಸದಾಗಿ ಬರೆದರು. ಬೇಕಾದ್ದನ್ನೆಲ್ಲ ತಾನೇ ಹುಡುಕಿ ತರುವ ಆಪ್ಟ್ ಬಂದದ್ದು ಅದಾದ ಮೇಲೆ.

ಆಪ್ಟ್ ಬರುವಷ್ಟರಲ್ಲಿ ಮರ್ಡಾಕ್ ನಾಯಕರಾಗಿರಲಿಲ್ಲ. 1996ರ ಮಾರ್ಚ್‌ನಲ್ಲೇ ಡೆಬಿಯನ್ನನ್ನು ಬ್ರೂಸ್ ಪೆರೆನ್ಸ್ ಕೈಗೆ ಒಪ್ಪಿಸಿದ್ದರು. ತಾನು ಕಟ್ಟಿದ್ದನ್ನು ಬಿಟ್ಟುಕೊಡೋದು ಸುಲಭವಲ್ಲ. ಆದರೆ ಬಿಟ್ಟುಕೊಟ್ಟಿದ್ದರಿಂದಲೇ ಅದು ಬೆಳೆಯಿತು.

2007ರಲ್ಲಿ ಅವರು ಸನ್ ಮೈಕ್ರೋಸಿಸ್ಟಮ್ಸ್ ಸೇರಿದರು. ಸೋಲಾರಿಸ್ ಅನ್ನು ಲಿನಕ್ಸ್ ಬಳಸೋರೂ ಆರಾಮಾಗಿ ಟ್ರೈ ಮಾಡುವಂತಾಗಲಿ ಎಂದು ‘ಪ್ರಾಜೆಕ್ಟ್ ಇಂಡಿಯಾನಾ’ ನಡೆಸಿದರು. 2008ರ ಮೇನಲ್ಲಿ ಓಪನ್‌ಸೋಲಾರಿಸ್ ಹೊರಬಂತು. ಲೈವ್ ಸಿಡಿ ಹಾಕಿ ನೋಡಬಹುದಿತ್ತು, ನೆಟ್‌ನಿಂದಲೇ ಪ್ಯಾಕೇಜ್ ತರಿಸಬಹುದಿತ್ತು. ಸಿಸ್ಟಮ್ ಅಪ್‌ಡೇಟ್ ಕೈಕೊಟ್ಟರೆ ರೀಬೂಟ್ ಮಾಡಿ ಹಳೆಯ ಸ್ಥಿತಿಗೆ ಮರಳಬಹುದಿತ್ತು. ಆದರೆ 2010ರಲ್ಲಿ ಒರಾಕಲ್ ಸನ್ ಅನ್ನು ಕೊಂಡಿತು, ಅದೇ ವರ್ಷ ಓಪನ್‌ಸೋಲಾರಿಸ್ ನಿಂತಿತು. ಹೊರಗಿನ ಡೆವಲಪರ್‌ಗಳು ಅದರ ಕೋಡ್ ಹಿಡಿದು ‘ಓಪನ್‌ಇಂಡಿಯಾನಾ’ ಅಂತ ಮುಂದುವರಿಸಿದರು.

ಎರಡರಲ್ಲೂ ಇದ್ದದ್ದು ಒಬ್ಬನೇ ಮನುಷ್ಯ. ಒಂದು ಕಂಪನಿಯ ಕೈಯಲ್ಲಿದ್ದದ್ದು ಕಂಪನಿ ಬೇಡ ಅಂದ ದಿನ ನಿಂತಿತು. ಎಲ್ಲರ ಕೈಯಲ್ಲಿದ್ದದ್ದು ನಡೀತಾನೇ ಇದೆ.

2015ರಲ್ಲಿ ಡಾಕರ್ ಕಂಪನಿ ಸೇರಿದ ಸ್ವಲ್ಪ ದಿನಕ್ಕೇ, ಡಿಸೆಂಬರ್ 28ರಂದು, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮರ್ಡಾಕ್ ತೀರಿಕೊಂಡರು. ವಯಸ್ಸು 42. 2017ರಲ್ಲಿ ಬಂದ ಡೆಬಿಯನ್ 9 ಅನ್ನು ಅವರಿಗೆ ಅರ್ಪಿಸಲಾಯಿತು.

ಡೆಬ್ರಾ ಮತ್ತು ಇಯಾನ್ ಮದುವೆಯಾಗಿ, ಆಮೇಲೆ ಬೇರೆಯಾದರು. ಹೆಸರುಗಳು ಮಾತ್ರ ಜೊತೆಗೇ ಇವೆ. ಮುಂದಿನ ಲ್ಯಾಬ್‌ನಲ್ಲಿ ಉಬುಂಟುವಿನ ‘ಇಟಿಸಿ’ ಫೋಲ್ಡರ್ ತೆರೆದು ನೋಡಿ. ‘ಡೆಬಿಯನ್ ವರ್ಷನ್’ ಅನ್ನೋ ಪುಟ್ಟ ಫೈಲ್ ಅಲ್ಲೂ ಕೂತಿರುತ್ತೆ.